ವಿದ್ಯುದ್ಧಾರಕದ ದೋಷಪರೀಕ್ಷೆ

ಹಳೆಯ ವಾಲ್ವ್ ರೇಡಿಯೋ ಒಂದನ್ನು ದುರಸ್ತಿಗಾಗಿ ಬಿಚ್ಚಿರುವೆವೆಂದು ಭಾವಿಸೋಣ. ಧ್ವನಿ ಒಡೆದು ಕೇಳಿಸುತ್ತಿದೆ. ಕೊನೆಯ ವಾಲ್ವು ಮಿತಿಮೀರಿ ಕಾಯುತ್ತಿದೆ. ಅದರ ಗ್ರಿಡ್ಡಿಗೆ ಹಿಂದಿನ ವಾಲ್ವಿನಿಂದ ಧ್ವನಿಸಂಕೇತವನ್ನು ತಲಪಿಸುವ ಚಿಕ್ಕ ಧಾರಕದ ಮೇಲೆ ನಮಗೆ ಸಂಶಯ. ಮೀಟರಿನಿಂದ ಪರೀಕ್ಷಿಸಿದರೆ ಅದು ನಿರ್ದೋಷಿಯೆಂದೇ ತೋರುತ್ತದೆ. ಆದರೂ ದೋಷವಿರುವುದು ಅದರಲ್ಲಿಯೇ! ಇದು ಹೇಗೆ ಸಾಧ್ಯ?

ದುರಸ್ತಿಗಾರರು ಕಂಡೆನ್ಸರ್ ಎಂದು ಕರೆಯುವ ಧಾರಕದಲ್ಲಿ ಎರಡು ವಾಹಕಗಳೂ ಅವುಗಳ ನಡುವೆ ಒಂದು ಅವಾಹಕವೂ ಇರುತ್ತವೆ. ಅವಾಹಕವು ಕಾಗದವಾಗಿರಬಹುದು, ಅಭ್ರಕವಾಗಿರಬಹುದು; ಎಲೆಕ್ಟ್ರೊಲಿಟಿಕ್ ಧಾರಕದಲ್ಲಿ ಅದು ಅಲ್ಯೂಮಿನಿಯಂ ಹಾಳೆಯ ಮೇಲಿನ ಆಕ್ಸೈಡಿನ ತೆಳುಪೊರೆ. ಧಾರಕದ ಮುಖ್ಯ ದೋಷಗಳು ನಾಲ್ಕು: ಅವಾಹಕವು ಭೇದಿಸಲ್ಪಟ್ಟು ವಾಹಕಗಳು ಕೂಡಿಕೊಳ್ಳುವುದು, ಒಳಗಿನ ಸಂಪರ್ಕ ಕಡಿದುಹೋಗುವುದು, ಅವಾಹಕದ ಮೂಲಕ ವಿದ್ಯುತ್ತು ಸೋರುವುದು, ಎಲೆಕ್ಟ್ರೊಲಿಟಿಕ್ ಧಾರಕದೊಳಗಿನ ದ್ರವವು ಒಣಗಿ ಧಾರಣಶಕ್ತಿ ಕುಗ್ಗುವುದು.

ಪರೀಕ್ಷೆಗೆ ಮೊದಲು ಒಂದು ಎಚ್ಚರಿಕೆ. ಪ್ಲಗ್ಗನ್ನು ಕಿತ್ತ ಮಾತ್ರಕ್ಕೆ ಅಪಾಯ ತಪ್ಪಲಿಲ್ಲ. 350 ವೋಲ್ಟಿಗೆ ಆವಿಷ್ಟವಾದ 16 ಮೈಕ್ರೋಫ್ಯಾರಡ್ ಧಾರಕದಲ್ಲಿ ಸುಮಾರು 1 ಜೌಲ್ ಶಕ್ತಿ ಅಡಗಿರುತ್ತದೆ. ಕೈ ತಗುಲಿದರೆ ತೀವ್ರವಾದ ಆಘಾತವಾಗುವುದು. ಆದುದರಿಂದ ಹೊದಿಕೆಯುಳ್ಳ ತಂತಿಗಳಿಂದ 10,000 ಓಮ್, 5 ವಾಟ್ ರೋಧಕವೊಂದನ್ನು ಅದರ ತುದಿಗಳಿಗೆ ಜೋಡಿಸಬೇಕು. ರೋಧ ಮತ್ತು ಧಾರಣಶಕ್ತಿಗಳ ಗುಣಲಬ್ಧವು ಇಲ್ಲಿ 0.16 ಸೆಕೆಂಡು. ಇದರ ಐದರಷ್ಟು ಕಾಲ, ಎಂದರೆ 0.8 ಸೆಕೆಂಡು, ಕಳೆಯುವಷ್ಟರಲ್ಲಿ ವೋಲ್ಟೇಜು ನೂರರಲ್ಲಿ ಒಂದು ಪಾಲಿಗಿಂತ ಕೆಳಗಿಳಿಯುತ್ತದೆ. ಬಳಿಕ ವೋಲ್ಟ್‌ಮೀಟರಿನಿಂದ ಅಳೆದು ಖಚಿತಪಡಿಸಿಕೊಳ್ಳಬೇಕು.

ಈಗ ಧಾರಕದ ಒಂದು ತುದಿಯನ್ನು ಮಂಡಲದಿಂದ ಬಿಡಿಸಿ, ಮುಳ್ಳಿನ ಮೀಟರನ್ನು ಓಮ್ ಅಳತೆಗೆ ತಿರುಗಿಸಿ ಜೋಡಿಸೋಣ. ಬಿಡಿಸದಿದ್ದರೆ ಸಮಾಂತರವಾಗಿರುವ ಇತರ ಭಾಗಗಳ ರೋಧವೇ ಕಾಣಬಹುದು. ಮುಳ್ಳು ಸೊನ್ನೆಯ ಕಡೆಗೆ ಚಿಮ್ಮಿ, ನಿಧಾನವಾಗಿ ಅನಂತದ ಕಡೆಗೆ ಹಿಂತಿರುಗಿದರೆ ಧಾರಕವು ಆವೇಶವನ್ನು ಸ್ವೀಕರಿಸಿತೆಂದು ಅರ್ಥ. ಸೊನ್ನೆಯಲ್ಲಿಯೇ ನಿಂತರೆ ವಾಹಕಗಳು ಕೂಡಿಕೊಂಡಿವೆ. ನಡುವೆ ನಿಂತರೆ ಸೋರಿಕೆಯಿದೆ. ಅಲುಗದಿದ್ದರೆ ಸಂಪರ್ಕ ಕಡಿದಿರಬಹುದು. ಆದರೆ ತೀರ ಚಿಕ್ಕ ಧಾರಕಗಳಲ್ಲಿ ಚಿಮ್ಮುವಿಕೆ ಕಣ್ಣಿಗೆ ಕಾಣಿಸುವುದೇ ಇಲ್ಲ. ಎಲೆಕ್ಟ್ರೊಲಿಟಿಕ್ ಧಾರಕವನ್ನು ಧ್ರುವಗಳನ್ನು ನೋಡಿಯೇ ಜೋಡಿಸಬೇಕು. ಅನೇಕ ಮುಳ್ಳಿನ ಮೀಟರುಗಳಲ್ಲಿ, ಓಮ್ ಅಳತೆಯಲ್ಲಿ, ಕಪ್ಪು ತಂತಿಯೇ ಧನಧ್ರುವವಾಗಿರುತ್ತದೆ.

ಇನ್ನು ನಮ್ಮ ಸಮಸ್ಯೆಗೆ ಬರೋಣ. ಹಿಂದಿನ ವಾಲ್ವಿನ ಪ್ಲೇಟಿನಲ್ಲಿ 200 ವೋಲ್ಟ್ ಇದೆ. ಗ್ರಿಡ್ಡಿನಿಂದ ನೆಲಕ್ಕೆ 5 ಲಕ್ಷ ಓಮಿನ ರೋಧಕವಿದೆ. ಧಾರಕದ ಸೋರಿಕೆಯ ರೋಧವು 5 ಕೋಟಿ ಓಮ್ ಎನ್ನೋಣ. ಸಾಧಾರಣ ಮುಳ್ಳಿನ ಮೀಟರಿಗೆ ಅದಕ್ಕೂ ಅನಂತಕ್ಕೂ ಭೇದ ತಿಳಿಯದು. ಆದರೆ 200 ವೋಲ್ಟು ಈ ಎರಡು ರೋಧಗಳಲ್ಲಿ ಹಂಚಿಹೋಗಿ, ಗ್ರಿಡ್ಡಿಗೆ ಸುಮಾರು 2 ವೋಲ್ಟಿನ ಧನವಿಭವವನ್ನು ಕೂಡಿಸುತ್ತದೆ. ಋಣವಾಗಿರಬೇಕಾದ ಗ್ರಿಡ್ಡು ಅಷ್ಟರಮಟ್ಟಿಗೆ ಸಡಿಲಗೊಂಡು ವಾಲ್ವಿನ ಪ್ರವಾಹವು ಹೆಚ್ಚುತ್ತದೆ, ವಾಲ್ವು ಕಾಯುತ್ತದೆ. ಜೊತೆಗೆ ಮೀಟರಿನ ಬ್ಯಾಟರಿಯದು ಕೆಲವೇ ವೋಲ್ಟು. ಧಾರಕವು ದುಡಿಯುವುದು ನೂರಾರು ವೋಲ್ಟಿನಲ್ಲಿ. ಅವಾಹಕದ ದೌರ್ಬಲ್ಯವು ಅಲ್ಲಿ ಮಾತ್ರ ಪ್ರಕಟವಾಗಬಹುದು.

ಆದ್ದರಿಂದ ಇಂಥ ಸ್ಥಾನದ ಧಾರಕದ ಸೋರಿಕೆಯನ್ನು ಅದರ ಕಾರ್ಯವೋಲ್ಟೇಜಿನಲ್ಲಿಯೇ, ತಕ್ಕ ಉಪಕರಣದಿಂದ, ಅನುಭವಿಗಳ ಸಮ್ಮುಖದಲ್ಲಿ ಅಳೆಯಬೇಕು. ಧಾರಣಶಕ್ತಿ ಕುಗ್ಗಿದೆಯೇ ಎಂಬುದನ್ನು ತಿಳಿಯಲು ಅದನ್ನೇ ಅಳೆಯುವ ಮೀಟರು ಬೇಕು.

ವಿದ್ಯಾರ್ಥಿಗಳು 10 ಮತ್ತು 100 ಮೈಕ್ರೋಫ್ಯಾರಡ್‌ಗಳ ಎರಡು ಹೊಸ ಧಾರಕಗಳನ್ನು ಒಂದೇ ಓಮ್ ಅಳತೆಯಲ್ಲಿಟ್ಟು ಪರೀಕ್ಷಿಸಿ ನೋಡಲಿ. ಮುಳ್ಳು ಹಿಂತಿರುಗಲು ಹಿಡಿಯುವ ಕಾಲಗಳನ್ನು ಹೋಲಿಸಿದರೆ ಮೇಲೆ ಹೇಳಿದ ಗುಣಲಬ್ಧದ ಮಹತ್ತ್ವವು ಅವರಿಗೆ ತಾನಾಗಿಯೇ ವಿಶದವಾಗುವುದು.