ಮೂರನೇ ಡೋಸು ಹಾಕಿಸಿಕೊಂಡಿರಾ?

ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯಲ್ಲೋ ಇಂದಿರಾನಗರದ ಯಾವುದೋ ನರ್ಸಿಂಗ್ ಹೋಮಿನಲ್ಲೋ ವಾರ್ಡ್ ಡ್ಯೂಟಿಗೆ ಹೊರಟಿರುವ ತಮ್ಮ-ತಂಗಿಯರೇ, ಬಿಳಿ ಕೋಟು ಹೊಲಿಸುವ ಮುಂಚೆ ಲಸಿಕೆ ಕಾರ್ಡ್ ಹುಡುಕಿ. ಹೆಪಟೈಟಿಸ್ ಬಿ ಲಸಿಕೆ ದೇಶದ ಎಲ್ಲ ಮಕ್ಕಳ ಲಸಿಕಾ ಪಟ್ಟಿಗೆ ಸೇರಿದ್ದು 2011ರ ಹೊತ್ತಿಗೆ. ಅದಕ್ಕೂ ಮುಂಚೆ ಹುಟ್ಟಿದವರು ‘ಅಮ್ಮ ಹಾಕಿಸಿರ್ತಾಳೆ’ ಅಂತ ಸುಮ್ಮನಿರಬೇಡಿ.

ಇವತ್ತೊಂದು, ಒಂದು ತಿಂಗಳಾದ ಮೇಲೆ ಇನ್ನೊಂದು, ಮೊದಲನೆಯದಾಗಿ ಆರು ತಿಂಗಳಿಗೆ ಮತ್ತೊಂದು, ಒಟ್ಟು ಮೂರು ಡೋಸು. ಪರೀಕ್ಷೆಯ ಗಲಾಟೆಯಲ್ಲಿ ತಪ್ಪಿಹೋಗುವುದು ಆ ಮೂರನೆಯದೇ! ತಪ್ಪಿದ್ದರೆ ಮೊದಲಿಂದ ಶುರು ಮಾಡಬೇಕಿಲ್ಲ, ಉಳಿದದ್ದು ಹಾಕಿಸಿಕೊಂಡರಾಯಿತು. ಮೂರೂ ಮುಗಿದ ಒಂದೆರಡು ತಿಂಗಳಲ್ಲಿ, ರಕ್ಷಣೆ ಬಂದಿದೆಯೇ ಎಂದು ತಿಳಿಯಲು ಆ್ಯಂಟಿ-ಎಚ್‌ಬಿಎಸ್ ರಕ್ತಪರೀಕ್ಷೆ ಮಾಡಿಸಿ. 10 mIU/mLಗಿಂತ ಕಡಿಮೆ ಬಂದರೆ ಇನ್ನೊಂದು ಸುತ್ತು ಲಸಿಕೆ. 10 ದಾಟಿದ್ದರೆ, ಆರೋಗ್ಯವಂತರಿಗೆ ಬೂಸ್ಟರ್ ಚಿಂತೆಯಿಲ್ಲ.

ರೋಗಿಗೆ ಬಳಸಿದ ಸೂಜಿ ಚುಚ್ಚಿಕೊಂಡರೆ ಬೆರಳು ಹಿಂಡಬೇಡಿ. ಸೋಪು, ನೀರಲ್ಲಿ ತೊಳೆದು, ಸಿಸ್ಟರ್ ಬೈತಾರೆ ಅಂತ ಮುಚ್ಚಿಡದೆ ತಕ್ಷಣ ಹೇಳಿ. ರಕ್ಷಣೆ ಇಲ್ಲದವರಿಗೆ ಕೊಡುವ ಇಮ್ಯುನೊಗ್ಲಾಬ್ಯುಲಿನ್ 24 ಗಂಟೆಯೊಳಗೆ ಬಿದ್ದರೆ ಒಳ್ಳೆಯದು.

ಒಣಗಿದ ರಕ್ತದಲ್ಲೂ ಹೆಪಟೈಟಿಸ್ ಬಿ ವೈರಸ್ 7 ದಿನ ಬದುಕಿರಬಲ್ಲದು. ಕಸದ ಚೀಲ ಹೊರುವ ಆಯಮ್ಮನಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ಲಸಿಕೆಗೆ ಹೋಗುವಾಗ ಆಕೆಯನ್ನೂ ಕರೆದುಕೊಂಡು ಹೋಗಿ.