ಹಗ್ಗ ಒಂದು, ಲೆಕ್ಕ ಮೂರು

ಲಿಫ್ಟ್ ಹತ್ತುವಾಗ ನಾವು ನಂಬೋದು ಉಕ್ಕಿನ ಹಗ್ಗವನ್ನೇ. ಅದನ್ನು ಆರಿಸುವಾಗ ಮೂರು ವಿಷಯ ನೋಡಬೇಕು.

ಫಿನಿಶ್: ಲೇಪನವಿಲ್ಲದ ತಂತಿ ‘ಬ್ರೈಟ್’, ಒಣ ಜಾಗಕ್ಕೆ ಸಾಕು. ಮಳೆ, ಕಡಲಗಾಳಿ ತಾಗುವಲ್ಲಿ ಸತು ಲೇಪಿಸಿದ ಗ್ಯಾಲ್ವನೈಸ್ಡ್ ಬೇಕು. ಸತು ತಾನು ಸವೆದು ಉಕ್ಕನ್ನು ಕಾಯುತ್ತೆ.

ಗ್ರೇಡ್: 1770 ಅಂದ್ರೆ ತಂತಿಯ ಟೆನ್ಸೈಲ್ ಸ್ಟ್ರೆಂತ್ ಪ್ರತಿ ಚದರ ಮಿ.ಮೀ.ಗೆ 1770 ನ್ಯೂಟನ್. ಕ್ರೇನ್‌ಗಳಲ್ಲಿ 1960 ಕೂಡ ಇದೆ. ದೊಡ್ಡ ಸಂಖ್ಯೆಯೇ ಒಳ್ಳೇದು ಅನ್ಕೋಬೇಡಿ: ಲಿಫ್ಟ್‌ಗಳಲ್ಲಿ 1370/1770 ಹಗ್ಗವೂ ಉಂಟು. ಹೊರತಂತಿ ಮೆದುವಾದ್ದರಿಂದ ರಾಟೆ ಬೇಗ ಸವೆಯಲ್ಲ.

ಲೂಬ್ರಿಕೆಂಟ್: ಹಗ್ಗ ಬಾಗಿದಾಗಲೆಲ್ಲ ಒಳತಂತಿಗಳು ಉಜ್ಜಾಡುತ್ತವೆ. ಎಣ್ಣೆ ಒಳಗಿಳಿಯಬೇಕು, ಮೇಲಷ್ಟೇ ಗ್ರೀಸ್ ಮೆತ್ತಿದರೆ ಒಳಗಿನ ತುಕ್ಕು ಕಾಣೋದೇ ಇಲ್ಲ. ಲಿಫ್ಟ್‌ನಲ್ಲಿ ಇನ್ನೂ ಎಚ್ಚರ: ಅದನ್ನು ಎಳೆಯೋದೇ ಹಗ್ಗ, ರಾಟೆ ನಡುವಿನ ಘರ್ಷಣೆ. ಎಣ್ಣೆ ಅತಿಯಾದರೆ ಹಗ್ಗ ಜಾರುತ್ತೆ.