ಹೊಸ ಬಣ್ಣ ನಾರಿದ್ದೇಕೆ?

ಮಕ್ಕಳೇ, ಹಬ್ಬವೋ ಮದುವೆಯೋ ಬಂದರೆ ಮನೆಗೆ ಸುಣ್ಣಬಣ್ಣ ಮಾಡಿಸುತ್ತಾರೆ. ಹೊಸ ಬಣ್ಣಕ್ಕೆ ಒಂದು ವಾಸನೆ ಇರುತ್ತದೆ. ನಾಲ್ಕು ದಿನದಲ್ಲಿ ಅದು ಹೋಗುತ್ತದೆ. ಆದರೆ ಬಣ್ಣ ಒಣಗಿ ಹತ್ತು ದಿನವಾದರೂ ವಾಸನೆ ಹೋಗದಿದ್ದರೆ? ಅದೂ ಕೊಳೆತ ಮೊಟ್ಟೆಯ ವಾಸನೆಯಾಗಿದ್ದರೆ? ಕಳೆದ ವರ್ಷ ನಮ್ಮ ಮನೆಯಲ್ಲಿ ಹೀಗೇ ಆಯಿತು. ಆ ವಾಸನೆಯ ಮೂಲವನ್ನು ನಾವು ಹುಡುಕಿದ್ದು ಹೇಗೆ ಎಂಬುದೇ ಈ ಪಾಠ.

ನಡೆದದ್ದು ಇಷ್ಟು

ನನ್ನ ತಂಗಿ ಬಾಣಂತನಕ್ಕೆಂದು ತವರಿಗೆ ಬರುವವಳಿದ್ದಳು. ಅವಳಿಗೂ ಹುಟ್ಟಲಿರುವ ಮಗುವಿಗೂ ಹಿಂದಿನ ಕೋಣೆ ಎಂದು ಗೊತ್ತುಮಾಡಿದ್ದೆವು. ದೀಪಾವಳಿ ಕಳೆದ ಮೇಲೆ ಬಣ್ಣದ ಕೆಲಸ ಹಿಡಿಸಿದೆವು. ಅಂಗಡಿಯಿಂದ ಎರಡು ಡಬ್ಬಿ ಎಮಲ್ಷನ್ ಬಣ್ಣ ತಂದಿದ್ದಾಯಿತು. ಪೇಂಟರ್ ಒಂದು ಡಬ್ಬಿಯನ್ನು ಬಕೆಟ್ಟಿಗೆ ಸುರಿದು, ಕೆರೆಯಿಂದ ತಂದ ನೀರು ಬೆರೆಸಿ, ನಡುಮನೆಗೆ ಬಳಿದರು. ಅಷ್ಟರಲ್ಲಿ ಅವರ ಊರಿನಲ್ಲಿ ಭತ್ತದ ಕೊಯ್ಲು ಶುರುವಾಯಿತು. ಉಳಿದ ಬಣ್ಣದ ಬಕೆಟ್ಟಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ, ಬಚ್ಚಲುಮನೆಯಲ್ಲಿ ಹಂಡೆಯ ಪಕ್ಕ ಇಟ್ಟು ಹೋದರು. ಮೂರು ವಾರ ಬಿಟ್ಟು ಬಂದು ಅದೇ ಬಣ್ಣವನ್ನು ಹಿಂದಿನ ಕೋಣೆಗೆ ಬಳಿದರು.

ನಡುಮನೆ ಚೆನ್ನಾಗಿಯೇ ಇತ್ತು. ಹಿಂದಿನ ಕೋಣೆಗೆ ಮಾತ್ರ ಕಾಲಿಡಲು ಆಗುತ್ತಿರಲಿಲ್ಲ. ಅಮ್ಮ ಸಾಂಬ್ರಾಣಿ ಹಾಕಿದರು. ಹೊಗೆ ಇರುವಷ್ಟು ಹೊತ್ತು ಪರವಾಗಿಲ್ಲ, ಆಮೇಲೆ ಮತ್ತೆ ಅದೇ ನಾತ. "ಅಂಗಡಿಯವನು ಹಳೇ ಮಾಲು ಕೊಟ್ಟಿದ್ದಾನೆ, ಈಗಲೇ ಹೋಗಿ ಕೇಳುತ್ತೇನೆ" ಎಂದು ಅಪ್ಪ ಹೊರಟು ನಿಂತರು. "ಎರಡು ದಿನ ತಡೆಯಿರಿ ಅಪ್ಪಾ, ಮೊದಲು ಪರೀಕ್ಷೆ ಮಾಡೋಣ" ಎಂದೆ.

ಮೊದಲು ಗಮನಿಸುವುದು

ವಿಜ್ಞಾನದಲ್ಲಿ ಮೊದಲ ಕೆಲಸ ಗಮನಿಸುವುದು. ನಾವು ಕಂಡದ್ದನ್ನು ಒಂದು ಹಾಳೆಯಲ್ಲಿ ಬರೆದೆವು.

1. ವಾಸನೆ ಒಂದೇ ಕೋಣೆಯಲ್ಲಿದೆ.
2. ಕಿಟಕಿ ಮುಚ್ಚಿದ ರಾತ್ರಿ ಕಳೆದು ಬೆಳಿಗ್ಗೆ ಬಾಗಿಲು ತೆಗೆದಾಗ ಹೆಚ್ಚು.
3. ಮಂಜು ಕವಿದ ದಿನ, ಗಾಳಿಯಲ್ಲಿ ತೇವ ಇದ್ದಾಗ ಇನ್ನೂ ಹೆಚ್ಚು.
4. ಮೂಗನ್ನು ಗೋಡೆಯ ಹತ್ತಿರ ಒಯ್ದಷ್ಟೂ ಜೋರು.

ಇನ್ನು ಕಾರಣಗಳ ಪಟ್ಟಿ. ಅಟ್ಟದಲ್ಲಿ ಇಲಿ ಸತ್ತಿರಬಹುದು. ಬಚ್ಚಲಿನ ಮೋರಿ ಕಟ್ಟಿರಬಹುದು. ಗೋಡೆಗೆ ನೀರು ಇಳಿದು ಬೂಷ್ಟು ಬಂದಿರಬಹುದು. ಬಣ್ಣವೇ ಕೆಟ್ಟಿರಬಹುದು. ಅಟ್ಟ ಹತ್ತಿ ನೋಡಿದೆವು, ಇಲಿ ಇರಲಿಲ್ಲ. ಮೋರಿಯಲ್ಲಿ ನೀರು ಸರಾಗವಾಗಿ ಹೋಗುತ್ತಿತ್ತು. ಗೋಡೆಯ ಮೇಲೆ ಬೂಷ್ಟಿನ ಕಲೆ ಇರಲಿಲ್ಲ. ಉಳಿದದ್ದು ಬಣ್ಣ. ಆದರೆ ಬಣ್ಣ ಕೆಟ್ಟದ್ದು ಅಂಗಡಿಯಲ್ಲೋ, ನಮ್ಮ ಮನೆಯಲ್ಲೋ?

ನಾಲ್ಕು ಹೆಂಚಿನ ಚೂರುಗಳು

ಎರಡನೆಯ ಡಬ್ಬಿಯನ್ನು ಇನ್ನೂ ತೆರೆದಿರಲಿಲ್ಲ. ಎರಡೂ ಡಬ್ಬಿಗಳ ಮೇಲೆ ಒಂದೇ ಬ್ಯಾಚ್ ಸಂಖ್ಯೆ ಇತ್ತು. ಅಂದರೆ ಎರಡೂ ಒಟ್ಟಿಗೆ ತಯಾರಾದವು. ನಾಲ್ಕು ಹೆಂಚಿನ ಚೂರುಗಳನ್ನು ತೊಳೆದು ಒಣಗಿಸಿಕೊಂಡೆವು.

ಒಂದನೆಯ ಚೂರಿಗೆ ಹೊಸ ಡಬ್ಬಿಯ ಬಣ್ಣ.
ಎರಡನೆಯದಕ್ಕೆ ಹೊಸ ಡಬ್ಬಿಯ ಬಣ್ಣಕ್ಕೆ ಆಗಲೇ ಕೆರೆನೀರು ಬೆರೆಸಿದ್ದು.
ಮೂರನೆಯದಕ್ಕೆ ಬಕೆಟ್ಟಿನಲ್ಲಿ ಉಳಿದ ಬಣ್ಣ.
ನಾಲ್ಕನೆಯದಕ್ಕೆ ಬರೀ ಕೆರೆನೀರು.

ಎರಡು ದಿನ ನೆರಳಿನಲ್ಲಿ ಒಣಗಿಸಿ, ಒಂದೊಂದನ್ನೂ ಒಂದೇ ಅಳತೆಯ ಸ್ಟೀಲ್ ಡಬ್ಬಿಯಲ್ಲಿಟ್ಟು ಮುಚ್ಚಿದೆವು. ಚೂರಿನ ಅಡಿಯಲ್ಲಿ ಸಂಖ್ಯೆ ಬರೆದಿತ್ತು. ಅಮ್ಮ ಡಬ್ಬಿಗಳನ್ನು ಅದಲುಬದಲು ಮಾಡಿಟ್ಟರು. ಯಾವುದರಲ್ಲಿ ಯಾವುದಿದೆ ಎಂದು ನನಗೂ ತಿಳಿಯಲಿಲ್ಲ. ಹೀಗೇಕೆ ಮಾಡಬೇಕು? "ಇದು ನಾರುತ್ತದೆ" ಎಂದು ಮೊದಲೇ ಅಂದುಕೊಂಡರೆ ಮೂಗು ಮೋಸ ಹೋಗುತ್ತದೆ.

ಮೂಸಿ ನೋಡಲು ಅಕ್ಕಪಕ್ಕದ ಮನೆಯ ಎಂಟು ಮಕ್ಕಳನ್ನು ಕರೆದೆ. ನಮ್ಮ ಮೂಗು ಏಕೆ ಬೇಡ? ಒಂದೇ ವಾಸನೆಯಲ್ಲಿ ಹೆಚ್ಚು ಹೊತ್ತು ಇದ್ದರೆ ಮೂಗು ಅದಕ್ಕೆ ಒಗ್ಗಿಹೋಗುತ್ತದೆ. ಹತ್ತು ದಿನದಿಂದ ಅಲ್ಲೇ ಓಡಾಡುತ್ತಿದ್ದ ನಮಗೆ ಸಣ್ಣ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಮಕ್ಕಳು ಡಬ್ಬಿಗೆ ಮೂಗು ಹಾಕದೆ, ಮುಚ್ಚಳ ತೆಗೆದು ಕೈಯಿಂದ ಗಾಳಿ ಬೀಸಿಕೊಂಡು ಮೂಸಿದರು. ಎಂಟು ಮಂದಿಯೂ ತೋರಿಸಿದ್ದು ಒಂದೇ ಡಬ್ಬಿಯನ್ನು. ತಿರುಗಿಸಿ ನೋಡಿದರೆ ಮೂರನೆಯ ಚೂರು!

ಈಗ ಯೋಚಿಸಿ. ಒಂದನೆಯದು ನಾರಲಿಲ್ಲ, ಆದ್ದರಿಂದ ಅಂಗಡಿಯ ಬಣ್ಣ ಸರಿಯಾಗಿತ್ತು. ನಾಲ್ಕನೆಯದು ನಾರಲಿಲ್ಲ, ಆದ್ದರಿಂದ ನೀರಿನದೇ ವಾಸನೆಯೂ ಅಲ್ಲ. ಎರಡನೆಯದೂ ನಾರಲಿಲ್ಲ, ಆದ್ದರಿಂದ ಬೆರೆಸಿದ ಕೂಡಲೇ ವಾಸನೆ ಹುಟ್ಟುವುದಿಲ್ಲ. ಎರಡನೆಯದಕ್ಕೂ ಮೂರನೆಯದಕ್ಕೂ ಇದ್ದ ವ್ಯತ್ಯಾಸ ಏನು? ಬಚ್ಚಲುಮನೆಯಲ್ಲಿ ಕಳೆದ ಮೂರು ವಾರ! ಅಪ್ಪ ಚಪ್ಪಲಿ ಕಳಚಿ ಒಳಗೆ ಬಂದರು.

ಬಕೆಟ್ಟಿನೊಳಗೆ ಏನಾಯಿತು?

ಎಮಲ್ಷನ್ ಬಣ್ಣದಲ್ಲಿ ಏನೇನಿರುತ್ತದೆ? ಬಿಳುಪು ಕೊಡುವ ಟೈಟಾನಿಯಂ ಡೈಆಕ್ಸೈಡ್‌ನಂಥ ವರ್ಣದ್ರವ್ಯ, ಅದನ್ನು ಗೋಡೆಗೆ ಅಂಟಿಸುವ ಪ್ಲಾಸ್ಟಿಕ್‌ನಂಥ ಬಂಧಕ, ಮತ್ತು ನೀರು. ಬಣ್ಣ ಬ್ರಶ್ಶಿನಿಂದ ಸೋರದಂತೆ ಗಟ್ಟಿ ಮಾಡಲು ಒಂದು ವಸ್ತು ಹಾಕುತ್ತಾರೆ. ಸಾಮಾನ್ಯವಾಗಿ ಅದನ್ನು ಮರ ಅಥವಾ ಹತ್ತಿಯ ಸೆಲ್ಯುಲೋಸ್‌ನಿಂದ ತಯಾರಿಸಿರುತ್ತಾರೆ. ಗಂಜಿಯ ಪಿಷ್ಟದಂತೆ ಸೆಲ್ಯುಲೋಸ್ ಕೂಡ ಸಕ್ಕರೆಯ ಕಣಗಳು ಸರಪಳಿಯಂತೆ ಕೂಡಿ ಆದದ್ದು. ಅಂದರೆ ಬ್ಯಾಕ್ಟೀರಿಯಾಗಳಿಗೆ ಅದು ಊಟ!

ನೀರು, ಊಟ, ಬೆಚ್ಚನೆಯ ಜಾಗ ಸಿಕ್ಕರೆ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಅದನ್ನು ತಡೆಯಲು ಕಾರ್ಖಾನೆಯಲ್ಲಿ ಬಣ್ಣಕ್ಕೆ ಸ್ವಲ್ಪ ಸಂರಕ್ಷಕ ಸೇರಿಸಿರುತ್ತಾರೆ. ನಮ್ಮ ಬಕೆಟ್ಟಿನಲ್ಲಿ ನೀರು ಬೆರೆತು ಆ ಸಂರಕ್ಷಕ ತೆಳುವಾಯಿತು. ಕೆರೆನೀರಿನೊಡನೆ ಬ್ಯಾಕ್ಟೀರಿಯಾ ಬಂದವು. ಹಂಡೆಯ ಒಲೆಯಿಂದ ಬಿಸಿ ಸಿಕ್ಕಿತು. ಬ್ಯಾಕ್ಟೀರಿಯಾಗಳ ಕಿಣ್ವಗಳು ಸರಪಳಿಯನ್ನು ತುಂಡರಿಸಿದವು, ಬಣ್ಣ ಮಜ್ಜಿಗೆಯಂತೆ ನೀರಾಯಿತು. ಅನಿಲ ಹುಟ್ಟಿ ಪ್ಲಾಸ್ಟಿಕ್ ಹಾಳೆ ಉಬ್ಬಿತು. "ಹಾಳೆ ಉಬ್ಬಿದ್ದನ್ನು ನೋಡಿದ್ದೆ ಮೇಷ್ಟ್ರೇ, ಒಣಗಿದರೆ ವಾಸನೆ ಹೋಗುತ್ತದೆ ಅಂದುಕೊಂಡೆ" ಎಂದರು ಪೇಂಟರ್.

ಕೆಲವು ಬ್ಯಾಕ್ಟೀರಿಯಾಗಳು ಗಾಳಿಯಿಲ್ಲದ ತಳದಲ್ಲಿ ಸಲ್ಫೇಟ್‌ನಿಂದ ಹೈಡ್ರೋಜನ್ ಸಲ್ಫೈಡ್ ಅನಿಲ ಮಾಡುತ್ತವೆ. ಕೊಳೆತ ಮೊಟ್ಟೆಯ ವಾಸನೆ ಇದರದೇ. ನೂರು ಕೋಟಿ ಭಾಗ ಗಾಳಿಯಲ್ಲಿ ಇದು ಕೆಲವೇ ಭಾಗ ಇದ್ದರೂ ನಮ್ಮ ಮೂಗು ಹಿಡಿಯಬಲ್ಲದು. ಹುಳಿತ ಬೆಣ್ಣೆಯ ವಾಸನೆ ಕೊಡುವ ಬ್ಯುಟಿರಿಕ್ ಆಮ್ಲದಂಥವೂ ಹುಟ್ಟುತ್ತವೆ. ಇವು ಒಣಗಿದ ಬಣ್ಣದ ಪದರದಲ್ಲಿ ಸಿಕ್ಕಿಕೊಂಡು, ತೇವವಾದಾಗ ಸ್ವಲ್ಪ ಸ್ವಲ್ಪವಾಗಿ ಹೊರಬರುತ್ತವೆ. ನಮ್ಮ ಪಟ್ಟಿಯ ಮೂರನೆಯ ಅಂಶ ನೆನಪಿದೆಯೆ?

ಆಮೇಲೆ ಇನ್ನೊಂದು ಪರೀಕ್ಷೆಯನ್ನೂ ಮಾಡಿದೆವು. ಒಂದು ಸೀಸೆಯಲ್ಲಿ ಹೊಸ ಬಣ್ಣ ಮತ್ತು ಕೆರೆನೀರು, ಇನ್ನೊಂದರಲ್ಲಿ ಹೊಸ ಬಣ್ಣ ಮತ್ತು ಕುದಿಸಿ ಆರಿಸಿದ ಅದೇ ಕೆರೆನೀರು. ಎರಡನ್ನೂ ಹಂಡೆಯ ಪಕ್ಕದಲ್ಲೇ 21 ದಿನ ಇಟ್ಟೆವು. ಮೊದಲನೆಯದು ನಾರಿತು, ಎರಡನೆಯದು ನಾರಲಿಲ್ಲ. ಒಂದೇ ಸಲ ಮಾಡಿದ ಪರೀಕ್ಷೆ ಸಾಲದು. ಆದರೂ ದಾರಿ ಯಾವುದೆಂದು ಅದು ತೋರಿಸಿತು.

ಅಜ್ಜಿಯ ಸುಣ್ಣ

"ನಮ್ಮ ಕಾಲದಲ್ಲಿ ಸುಣ್ಣ ಬಳಿಯುತ್ತಿದ್ದೆವು, ವಾರಗಟ್ಟಲೆ ಇಟ್ಟರೂ ಕೆಡುತ್ತಿರಲಿಲ್ಲ" ಎಂದರು ನಮ್ಮಜ್ಜಿ. ಅದು ನಿಜ. ಅರಳಿದ ಸುಣ್ಣ ತೀಕ್ಷ್ಣವಾದ ಪ್ರತ್ಯಾಮ್ಲ. ಅದರ ಪಿಎಚ್ ಸುಮಾರು 12. ಸಾಮಾನ್ಯ ಬ್ಯಾಕ್ಟೀರಿಯಾ ಅಲ್ಲಿ ಬದುಕಲಾರವು. ಗೋಡೆಗೆ ಬಳಿದ ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿ, ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗಟ್ಟಿಯಾಗುತ್ತದೆ. ಆದರೆ ಎಮಲ್ಷನ್ ಬಳಿದ ಗೋಡೆಯ ಮೇಲೆ ಸುಣ್ಣ ಸರಿಯಾಗಿ ಕಚ್ಚುವುದಿಲ್ಲ. ಹಾಗಾಗಿ ಅಜ್ಜಿಯ ಸುಣ್ಣ ನಮ್ಮ ಕೋಣೆಗೆ ಒದಗಲಿಲ್ಲ.

ಗೋಡೆಯನ್ನು ಸರಿ ಮಾಡಿದ್ದು

ತಂಗಿಯನ್ನು ಹದಿನೈದು ದಿನ ನಡುಮನೆಯಲ್ಲೇ ಉಳಿಸಿಕೊಂಡೆವು. ಗರ್ಭಿಣಿಯರು, ಹಸುಗೂಸುಗಳು, ಉಬ್ಬಸ ಇರುವವರು ಇಂಥ ಕೋಣೆಯಲ್ಲಿ ಮಲಗಬಾರದು. ಪೇಂಟರ್ ಮಾಡಿದ ಕೆಲಸ ಹೀಗಿತ್ತು.

1. ಕಿಟಕಿ ಬಾಗಿಲು ತೆರೆದಿಟ್ಟು ಗೋಡೆಯನ್ನು ಪೂರ್ತಿ ಒಣಗಲು ಬಿಟ್ಟರು. ವಾಸನೆ ಅಲ್ಪವಾಗಿದ್ದರೆ ಇಷ್ಟರಲ್ಲೇ ಹೋಗಬಹುದು. ನಮ್ಮದು ಹೋಗಲಿಲ್ಲ.
2. ಗೋಡೆಯನ್ನು ಒದ್ದೆ ಮಾಡಿ, ಸಡಿಲವಾದ ಬಣ್ಣವನ್ನು ಕೆರೆದು ತೆಗೆದರು. ಒಣ ಗೋಡೆಯನ್ನು ಮರಳು ಕಾಗದದಿಂದ ಉಜ್ಜಲಿಲ್ಲ. ಹಳೆಯ ಮನೆಗಳ ಅಡಿಪದರದ ಬಣ್ಣದಲ್ಲಿ ಸೀಸ ಇರಬಹುದು, ಅದರ ಧೂಳು ಮಕ್ಕಳ ಮಿದುಳಿಗೆ ಕೆಡುಕು.
3. ಸಾಬೂನು ನೀರಿನಿಂದ ತೊಳೆದು, ಆಮೇಲೆ ಬ್ಲೀಚಿಂಗ್ ಪುಡಿಯ ತಿಳಿನೀರು ಹಚ್ಚಿ, ಮತ್ತೆ ಶುದ್ಧ ನೀರಿನಿಂದ ತೊಳೆದರು. ಕೈಗೆ ಗವಸು ಇತ್ತು, ಕಿಟಕಿ ತೆರೆದಿತ್ತು. ಬ್ಲೀಚಿಂಗ್ ಪುಡಿಗೆ ಪಾಯಿಖಾನೆ ತೊಳೆಯುವ ಆಮ್ಲವನ್ನು ಎಂದಿಗೂ ಬೆರೆಸಬಾರದು. ವಿಷಕಾರಿ ಕ್ಲೋರಿನ್ ಅನಿಲ ಬರುತ್ತದೆ.
4. ಗೋಡೆ ಒಣಗಿದ ಮೇಲೆ ಅರಗಿನ ಪ್ರೈಮರ್ ಬಳಿದರು. ಬ್ಲೀಚಿಂಗ್ ಪುಡಿ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ಆದರೆ ಪದರದಲ್ಲಿ ಸಿಕ್ಕಿಕೊಂಡ ವಾಸನೆಯ ವಸ್ತುಗಳನ್ನೆಲ್ಲ ತೆಗೆಯದು. ಅರಗು ಬಿಗಿಯಾದ ಪದರವಾಗಿ ಅವನ್ನು ಒಳಗೇ ತಡೆಯುತ್ತದೆ. ಇದರ ಸ್ಪಿರಿಟ್ ಬೇಗ ಬೆಂಕಿ ಹಿಡಿಯುವುದರಿಂದ ಆ ದಿನ ಬಚ್ಚಲೊಲೆ ಹಚ್ಚಲಿಲ್ಲ, ದೀಪವನ್ನೂ ಇಡಲಿಲ್ಲ.
5. ಕೊನೆಗೆ ಎರಡನೆಯ ಡಬ್ಬಿಯ ಬಣ್ಣ. ಈ ಸಲ ಶುದ್ಧ ನೀರು, ಅದೂ ಆ ದಿನಕ್ಕೆ ಬೇಕಾದಷ್ಟೇ ಬೆರೆಸಿದ್ದು.

ಬಕೆಟ್ಟಿನ ಕೆಟ್ಟ ಬಣ್ಣವನ್ನು ಮೋರಿಗೂ ಸುರಿಯಲಿಲ್ಲ, ಕೆರೆಗೂ ಸುರಿಯಲಿಲ್ಲ. ಮರದ ಹೊಟ್ಟಿನಲ್ಲಿ ಕಲಸಿ, ಗಟ್ಟಿಯಾಗಿ ಒಣಗಿಸಿ, ಕಸದ ಗಾಡಿಗೆ ಕೊಟ್ಟೆವು.

ವಾಸನೆ ಇಲ್ಲದ ವಿಷ

ನಾರುವುದೆಲ್ಲ ವಿಷವಲ್ಲ, ನಾರದ್ದೆಲ್ಲ ಒಳ್ಳೆಯದೂ ಅಲ್ಲ. ಹಿಂದೆ ಬಣ್ಣ ಕೊಳೆಯದಿರಲೆಂದು ಪಾದರಸದ ಸಂಯುಕ್ತ ಸೇರಿಸುತ್ತಿದ್ದರು. 1989ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಒಳಗೋಡೆಗಳಿಗೆ ಅಂಥ ಬಣ್ಣ ಬಳಿದ ಮನೆಯೊಂದರ ನಾಲ್ಕು ವರ್ಷದ ಹುಡುಗನಿಗೆ ಪಾದರಸದ ವಿಷವೇರಿತು. 1990ರಲ್ಲಿ ಅಲ್ಲಿ ಮನೆಯೊಳಗಿನ ನೀರುಬಣ್ಣಗಳಿಗೆ ಪಾದರಸ ಸೇರಿಸುವುದನ್ನು ನಿಲ್ಲಿಸಲಾಯಿತು. ಸೀಸಕ್ಕೂ ವಾಸನೆ ಇಲ್ಲ. ಭಾರತದಲ್ಲಿ 2016ರ ನಿಯಮದಂತೆ ಮನೆಯ ಬಣ್ಣದ ಹತ್ತು ಲಕ್ಷ ಭಾಗಗಳಲ್ಲಿ ಸೀಸ 90 ಭಾಗ ಮೀರಬಾರದು. ಇದು 2017ರ ನವೆಂಬರ್ 1ರಿಂದ ಜಾರಿಯಲ್ಲಿದೆ.

ಡಬ್ಬಿಯೇ ಕೆಟ್ಟಿದ್ದರೆ?

ಒಂದನೆಯ ಚೂರು ನಾರಿದ್ದರೆ ಅಪ್ಪ ಅಂಗಡಿಗೆ ಹೋಗಲೇಬೇಕಿತ್ತು. ಕಾರ್ಖಾನೆಯಲ್ಲೋ ಗೋದಾಮಿನಲ್ಲೋ ಬಣ್ಣ ಕೆಡುವುದುಂಟು. ಡಬ್ಬಿ ತೆರೆದಾಗ ಮುಚ್ಚಳ ಉಬ್ಬಿದೆಯೆ, ಬಣ್ಣ ನೀರಾಗಿದೆಯೆ, ನಾರುತ್ತಿದೆಯೆ ಎಂದು ನೋಡಬೇಕು. ಅನುಮಾನ ಬಂದರೆ ಬಳಿಯಬಾರದು. ತಯಾರಾದ ದಿನ ಮತ್ತು ಬ್ಯಾಚ್ ಸಂಖ್ಯೆ ಇರುವ ಡಬ್ಬಿಯನ್ನೂ ರಸೀದಿಯನ್ನೂ ಜೋಪಾನ ಮಾಡಬೇಕು. ಅಂಗಡಿಯವರು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಗ್ರಾಹಕರ ರಕ್ಷಣೆಗೆ 2019ರ ಕಾಯ್ದೆ ಇದೆ.

ಚಟುವಟಿಕೆ: ನೀವೂ ಮಾಡಿ ನೋಡಿ

ಬೇಕಾಗುವ ಸಾಮಗ್ರಿ: ಮೂರು ಗಾಜಿನ ಲೋಟ, ಅನ್ನದ ಗಂಜಿ, ಉಪ್ಪು, ಎಲೆಯಡಿಕೆಯ ಸುಣ್ಣ, ಅರಿಶಿನ ಹಚ್ಚಿ ಒಣಗಿಸಿದ ಕಾಗದದ ಚೂರುಗಳು.

ಮೂರೂ ಲೋಟಗಳಿಗೆ ಒಂದೇ ಅಳತೆಯ ಗಂಜಿ ಹಾಕಿ. ಮೊದಲನೆಯದಕ್ಕೆ ಏನೂ ಬೆರೆಸಬೇಡಿ. ಎರಡನೆಯದಕ್ಕೆ ಮೂರು ಚಮಚ ಉಪ್ಪು ಬೆರೆಸಿ. ಮೂರನೆಯದಕ್ಕೆ ಶಿಕ್ಷಕರು ಅರ್ಧ ಚಮಚ ಸುಣ್ಣ ಬೆರೆಸಲಿ. ತಟ್ಟೆ ಮುಚ್ಚಿ ಒಂದೇ ಜಾಗದಲ್ಲಿಡಿ. ದಿನವೂ ಅದೇ ಹೊತ್ತಿಗೆ ವಾಸನೆ, ಗುಳ್ಳೆ, ದಪ್ಪ ನೋಡಿ ಬರೆಯಿರಿ. ಅರಿಶಿನದ ಕಾಗದ ಅದ್ದಿ ನೋಡಿ. ಯಾವುದರಲ್ಲಿ ಕೆಂಪಾಗುತ್ತದೆ? ಯಾವುದು ಮೊದಲು ಹುಳಿಯುತ್ತದೆ?

ಎಚ್ಚರಿಕೆ: ಯಾವುದನ್ನೂ ಬಾಯಿಗೆ ಹಾಕಬೇಡಿ. ಸುಣ್ಣ ಕಣ್ಣಿಗೆ ಬಿದ್ದರೆ ಅಪಾಯ. ಬಿದ್ದರೆ ಕೂಡಲೇ ತಣ್ಣೀರಿನಿಂದ ಚೆನ್ನಾಗಿ ತೊಳೆದು ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಯೋಚಿಸಿ, ಉತ್ತರಿಸಿ

1. ನಾಲ್ಕನೆಯ ಚೂರಿಗೆ ಬರೀ ನೀರು ಹಚ್ಚಿದ್ದೇಕೆ?
2. ಎಂಟು ಮಕ್ಕಳ ಬದಲು ಒಬ್ಬರೇ ಮೂಸಿದ್ದರೆ ತೀರ್ಮಾನವನ್ನು ನಂಬಬಹುದಿತ್ತೆ?
3. ಪರೀಕ್ಷೆ ಮಾಡದೆ ಅಪ್ಪ ಅಂಗಡಿಗೆ ಹೋಗಿ ಜಗಳವಾಡಿದ್ದರೆ ಏನಾಗುತ್ತಿತ್ತು?

ಹಿಂದಿನ ಕೋಣೆಯಲ್ಲಿ ಈಗ ತೊಟ್ಟಿಲು ಕಟ್ಟಿದೆ. ಅಲ್ಲಿ ಬರುವುದು ಬೇಬಿ ಪೌಡರಿನ ವಾಸನೆ, ಒಮ್ಮೊಮ್ಮೆ ಒದ್ದೆ ಬಟ್ಟೆಯದು. ಇದರ ಮೂಲ ಹುಡುಕಲು ಯಾವ ಪರೀಕ್ಷೆಯೂ ಬೇಕಿಲ್ಲ!